ತಿಕ್ಕುವ ಮೊದಲು ಕಲೆ ಯಾವುದೆಂದು ನೋಡಿ: ಮಿಕ್ಸಿ, ಒಲೆ, ಗೀಜರ್, ವಾಷಿಂಗ್ ಮಷೀನ್ ಸ್ವಚ್ಛ ಮಾಡುವ ಬಗೆ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಯಾರ ಮನೆಯ ಭಾಂಡೆ ತಿಕ್ಕುವ ಕಟ್ಟೆ ನೋಡಿದರೂ ಒಂದು ಹಸಿರು ಸ್ಕ್ರಬ್ಬರ್, ಒಂದು ತಂತಿಯ ಗುಂಜು ಬಿದ್ದಿರುತ್ತದೆ. ಕಲೆ ಕಂಡ ಕೂಡಲೇ ಕೈ ಅದರ ಕಡೆಗೇ ಹೋಗುತ್ತದೆ. ಮಿಕ್ಸಿಯ ಮುಚ್ಚಳ ಕೆಂಪಾಯಿತೇ, ತಿಕ್ಕು. ಗ್ಯಾಸ್ ಒಲೆಯ ಗಾಜು ಜಿಡ್ಡಾಯಿತೇ, ತಿಕ್ಕು. ನಳದ ಬುಡದಲ್ಲಿ ಬಿಳಿ ಹೆಕ್ಕಳಿಕೆ ಕೂತಿತೇ, ಇನ್ನೂ ಜೋರಾಗಿ ತಿಕ್ಕು. ಕಲೆ ಅರ್ಧ ಹೋಗುತ್ತದೆ, ಹೊಳಪು ಪೂರ್ತಿ ಹೋಗುತ್ತದೆ. ಗೀರು ಬಿದ್ದ ಜಾಗದಲ್ಲಿ ಮುಂದಿನ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಮನೆಯ ಸಾಮಾನಿನ ಮೇಲಿನ ಕಲೆಗಳೆಲ್ಲ ಒಂದೇ ಜಾತಿಯವಲ್ಲ. ನೀರಿನ ಸುಣ್ಣ ಹುಳಿಗೆ ಬಗ್ಗುತ್ತದೆ. ಎಣ್ಣೆ ಜಿಡ್ಡು ಬಿಸಿನೀರು, ಸಾಬಾಣ, ಸೋಡಾಕ್ಕೆ ಬಗ್ಗುತ್ತದೆ. ಖಾರದ ಕೆಂಪು ಎಣ್ಣೆಗೆ, ಅರಿಶಿನದ ಹಳದಿ ಬಿಸಿಲಿಗೆ. ಯಾವುದಕ್ಕೆ ಯಾವುದು ಎಂದು ಗೊತ್ತಾದರೆ ತೋಳಿನ ಬಲ ಬೇಕಾಗುವುದಿಲ್ಲ, ಕಾಯುವ ತಾಳ್ಮೆ ಸಾಕು.

ಗುರುತು ಹಿಡಿಯುವುದು ಕಷ್ಟವಲ್ಲ. ಬಿಳಿ ಅಥವಾ ಬೂದು ಕಲೆಯ ಮೇಲೆ ಎರಡು ಹನಿ ಲಿಂಬೆರಸ ಬಿಟ್ಟು ನೋಡಿ. ಸಣ್ಣ ಗುಳ್ಳೆ ಎದ್ದರೆ, ಅಥವಾ ಹತ್ತು ನಿಮಿಷದಲ್ಲಿ ಆ ಜಾಗ ಮೆತ್ತಗಾದರೆ, ಅದು ಸವಳು ನೀರಿನ ಸುಣ್ಣ. ಬೆರಳಿಗೆ ಅಂಟಿದರೆ ಜಿಡ್ಡು. ಅಡಿಗೆ ಎಣ್ಣೆ ಹಚ್ಚಿದ ಅರಿವೆಗೆ ಬಣ್ಣ ಬಿಟ್ಟರೆ ಅದು ಖಾರದ ಕೆಂಪು. ಹುಳಿ, ಸಾಬಾಣ, ಎಣ್ಣೆ ಯಾವುದಕ್ಕೂ ಜಗ್ಗದಿದ್ದರೆ ಅದು ಬಹುಶಃ ಕಲೆಯೇ ಅಲ್ಲ. ಲೋಹವೋ ಪ್ಲಾಸ್ಟಿಕ್ಕೋ ತಾನೇ ಬದಲಾಗಿದೆ ಎಂದರ್ಥ.

ಮನೆಯಲ್ಲಿ ಇರಬೇಕಾದದ್ದು

ದುಬಾರಿ ಬಾಟಲಿಗಳು ಬೇಕಿಲ್ಲ. ಲಿಂಬೆಹಣ್ಣು ಅಥವಾ ಹುಣಸೆಹಣ್ಣು, ಬಿಳಿ ವಿನೆಗರ್, ಅಡಿಗೆ ಸೋಡಾ, ಭಾಂಡೆ ತಿಕ್ಕುವ ದ್ರವ ಸಾಬಾಣ, ಹಳೆಯ ಹಲ್ಲುಜ್ಜುವ ಬ್ರಷ್, ಹಳೆಯ ಬನಿಯನ್ ಅರಿವೆ. ಇವಿಷ್ಟರ ಜೊತೆ ಒಂದು ವಸ್ತುವನ್ನು ಮಾತ್ರ ಹೊಸದಾಗಿ ತರಲು ಹೇಳುತ್ತೇನೆ: ಸಿಟ್ರಿಕ್ ಆಸಿಡ್. ದೊಡ್ಡ ಕಿರಾಣಿ ಅಂಗಡಿಯಲ್ಲಿ ಸಕ್ಕರೆಯ ಹಾಗೆ ಬಿಳಿ ಹರಳಾಗಿ ಸಿಗುತ್ತದೆ. ಲಿಂಬೆಯಲ್ಲಿರುವ ಹುಳಿಯೇ ಇದು. ಹೆಸರಿನಲ್ಲಿ ಆಸಿಡ್ ಇದೆಯೆಂದು ಹೆದರಬೇಡಿ, ಶರಬತ್ತಿಗೂ ಢೋಕ್ಲಾಕ್ಕೂ ಇದನ್ನೇ ಹಾಕುತ್ತಾರೆ. ವಿನೆಗರಿನ ಘಾಟು ಇದಕ್ಕಿಲ್ಲ, ಖರ್ಚೂ ಕಡಿಮೆ. ಡಬ್ಬಿಯ ಮೇಲೆ ಹೆಸರು ಬರೆದಿಡಿ, ಇಲ್ಲದಿದ್ದರೆ ಯಾರಾದರೂ ಚಹಾಕ್ಕೆ ಹಾಕಿಬಿಡುತ್ತಾರೆ.

ಮೊಬೈಲಿನ ವಿಡಿಯೋಗಳಲ್ಲಿ ಸೋಡಾದ ಮೇಲೆ ಲಿಂಬೆ ಹಿಂಡಿ ಬುರುಗು ಏಳಿಸುವುದನ್ನು ನೀವೂ ನೋಡಿರುತ್ತೀರಿ. ನೋಡಲು ಚಂದ, ಕೆಲಸ ಮಾತ್ರ ಕಡಿಮೆ. ಸೋಡಾ ಕ್ಷಾರ, ಲಿಂಬೆ ಆಮ್ಲ. ಎರಡೂ ಕೂಡಿದಾಗ ಒಂದರ ಬಲವನ್ನು ಇನ್ನೊಂದು ತಿಂದು, ಕೊನೆಗೆ ಉಳಿಯುವುದು ಸಪ್ಪೆ ಉಪ್ಪುನೀರು. ಬುರುಗು ಏಳುವ ರಭಸಕ್ಕೆ ಸಡಿಲ ಕಸ ಒಂದಿಷ್ಟು ಎದ್ದು ಬರಬಹುದು, ಅಷ್ಟೇ. ಜಿಡ್ಡೂ ಸುಣ್ಣವೂ ಒಂದೇ ಕಡೆ ಇದ್ದರೆ ಮೊದಲು ಸೋಡಾ-ಸಾಬಾಣದಿಂದ ಜಿಡ್ಡು ತೆಗೆದು, ಚೆನ್ನಾಗಿ ತೊಳೆದು, ಆಮೇಲೆ ಹುಳಿ ಹಾಕಿ. ಜಿಡ್ಡಿನ ಪದರ ಮೇಲಿದ್ದರೆ ಹುಳಿ ಸುಣ್ಣವನ್ನು ಮುಟ್ಟುವುದೇ ಇಲ್ಲ.

ಇನ್ನೊಂದು ಮಾತು, ಇದು ತಮಾಷೆಯದ್ದಲ್ಲ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವವನ್ನು ವಿನೆಗರ್, ಸಿಟ್ರಿಕ್ ಆಸಿಡ್, ಸಂಡಾಸ್ ತೊಳೆಯುವ ಆಸಿಡ್, ಇವು ಯಾವುದರ ಜೊತೆಗೂ ಕೂಡಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ಸಣ್ಣ ಬಚ್ಚಲಿನಲ್ಲಿ ಅದು ಜೀವಕ್ಕೇ ಕುತ್ತು. ಸಂಡಾಸದ ಆಸಿಡನ್ನು ಸ್ಟೀಲ್ ಸಿಂಕಿಗೂ ನಳಕ್ಕೂ ಹಾಕುವವರಿದ್ದಾರೆ. ಕ್ಷಣದಲ್ಲಿ ಬೆಳ್ಳಗಾಗುವುದು ನಿಜ. ಆದರೆ ನಳದ ಹೊಳೆಯುವ ಲೇಪ ಎದ್ದುಹೋಗುತ್ತದೆ, ಸ್ಟೀಲಿನಲ್ಲಿ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ, ಅಲ್ಲಿಂದ ತುಕ್ಕು ಶುರು.

ಕರೆಂಟಿನ ಯಾವ ಸಾಮಾನಿಗೆ ಕೈ ಹಚ್ಚುವ ಮೊದಲೂ ಬಟನ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ.

ಮಿಕ್ಸಿ: ಬ್ಯಾಡಗಿಯ ಕೆಂಪು, ಅರಿಶಿನದ ಹಳದಿ

ಬೇಸಿಗೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ, ಹುರಿದು, ವರ್ಷದ ಮಸಾಲೆ ಖಾರ ಮಾಡುವುದು ನಮ್ಮಲ್ಲಿ ಮನೆಮನೆಯ ಕೆಲಸ. ಹೆಚ್ಚಿನವರು ಗಿರಣಿಗೆ ಒಯ್ಯುತ್ತಾರೆ, ಸ್ವಲ್ಪವೇ ಇದ್ದರೆ ಮಿಕ್ಸಿಗೇ ಹಾಕುತ್ತಾರೆ. ರಂಜಕ, ಕೆಂಪು ಚಟ್ನಿಗಂತೂ ಮಿಕ್ಸಿಯೇ ಗತಿ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಹೆಸರುವಾಸಿ ಇರುವುದು ಖಾರದಲ್ಲಲ್ಲ, ಬಣ್ಣದಲ್ಲಿ. ಆ ಬಣ್ಣವನ್ನು ತೆಗೆದು ಲಿಪ್‌ಸ್ಟಿಕ್, ಉಗುರುಬಣ್ಣಕ್ಕೂ ಬಳಸುತ್ತಾರೆ. ಅಂಥ ಬಣ್ಣ ಪ್ಲಾಸ್ಟಿಕ್ ಮುಚ್ಚಳಕ್ಕೆ ಹತ್ತಿದರೆ ಬರೀ ನೀರು-ಸಾಬಾಣಕ್ಕೆ ಸುಲಭವಾಗಿ ಬಿಡುವುದುಂಟೇ?

ಬಿಡುತ್ತದೆ, ದಾರಿ ಬೇರೆ. ಮೆಣಸಿನಕಾಯಿಯ ಕೆಂಪು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಒಗ್ಗರಣೆಯಲ್ಲಿ ಖಾರಪುಡಿ ಬಿದ್ದಾಗ ಎಣ್ಣೆ ಕೆಂಪಾಗುವುದು ಅದಕ್ಕೇ. ಹಾಗಾಗಿ ಮುಚ್ಚಳ, ಗ್ಯಾಸ್ಕೆಟ್ ರಬ್ಬರ್, ಜಾರಿನ ಹಿಡಿಕೆ ಒಣಗಿರುವಾಗಲೇ, ನೀರು ತಾಗಿಸದೆ, ಒಂದು ಚಮಚ ಶೇಂಗಾ ಎಣ್ಣೆಯನ್ನೋ ಸೂರ್ಯಕಾಂತಿ ಎಣ್ಣೆಯನ್ನೋ ಅರಿವೆಯಲ್ಲಿ ಅದ್ದಿ ಹಚ್ಚಿ. ಅರ್ಧ ತಾಸು ಬಿಡಿ. ಒಣ ಅರಿವೆಯಿಂದ ಒರೆಸಿದಾಗ ಕೆಂಪು ಅರಿವೆಗೆ ಬರುತ್ತದೆ. ಅರಿವೆ ಕೆಂಪಾಗುವುದು ನಿಲ್ಲುವವರೆಗೆ ಇದನ್ನೇ ಮಾಡಿ. ಕೊನೆಗೆ ಬಿಸಿನೀರು, ದ್ರವ ಸಾಬಾಣ ಹಾಕಿ ಎಣ್ಣೆಯನ್ನು ತೊಳೆಯಿರಿ. ಹಳೆಯ ಕಲೆ ಒಂದೇ ಸಲಕ್ಕೆ ಪೂರ್ತಿ ಹೋಗದಿರಬಹುದು, ತಿಳಿಯಾಗುವುದು ಖಂಡಿತ.

ಅರಿಶಿನದ್ದು ಬೇರೆ ಕಥೆ. ಸಾಬಾಣ ಹಾಕಿದ ಕೂಡಲೇ ಹಳದಿ ಕಲೆ ಕೆಂಪಾಗಿ ಇನ್ನೂ ಗಾಢವಾಗುತ್ತದೆ. ಅನೇಕರು ಗಾಬರಿಯಾಗುವುದು ಇಲ್ಲೇ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುತ್ತೇವಲ್ಲ, ಅದೇ ಕ್ರಿಯೆ. ಕ್ಷಾರ ತಾಗಿದರೆ ಅರಿಶಿನ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಆಗ ಲಿಂಬೆ ಹೋಳಿನಿಂದ ಒರೆಸಿ ತೊಳೆದು, ಒದ್ದೆ ಇರುವಾಗಲೇ ಮಾಳಿಗೆಯ ಮೇಲೆ ಬಿಸಿಲಿಗಿಡಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಒಂದೆರಡು ದಿನ ಸಾಕು. ಮಳೆಗಾಲದಲ್ಲಿ ವಾರವೇ ಬೇಕಾಗಬಹುದು. ರಬ್ಬರ್ ರಿಂಗನ್ನು ಮಾತ್ರ ದಿನಗಟ್ಟಲೆ ಬಿಸಿಲಲ್ಲಿ ಬಿಡಬೇಡಿ, ಬಿರುಸಾಗಿ ಸೀಳುತ್ತದೆ.

ಜಾರಿನ ಬ್ಲೇಡಿನ ಕೆಳಗೆ ಹಿಟ್ಟು ಕಚ್ಚಿಕೊಂಡಿದ್ದರೆ ಅರ್ಧ ಜಾರು ಬಿಸಿನೀರು, ನಾಲ್ಕು ಹನಿ ಸಾಬಾಣ ಹಾಕಿ ಮುಚ್ಚಳ ಬಿಗಿಯಾಗಿ ಒತ್ತಿ ಹಿಡಿದು ಒಂದು ಸುತ್ತು ತಿರುಗಿಸಿ. ನೀರು ಕುದಿಯುವಷ್ಟು ಬಿಸಿ ಇರಬಾರದು, ಆವಿ ಮುಚ್ಚಳವನ್ನು ಎತ್ತಿ ಒಗೆಯುತ್ತದೆ. ಜಾರಿನ ತಳಭಾಗವನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಬೇಡಿ, ಬ್ಲೇಡ್ ಕೂತ ಬುಷ್‌ನೊಳಗೆ ನೀರು ಇಳಿದು ಬಿಗಿ ಹಿಡಿಯುತ್ತದೆ. ಮೋಟಾರು ಇರುವ ಮೈಗೆ ನೀರು ಸುರಿಯಲೇಬೇಡಿ. ಹಿಂಡಿದ ಅರಿವೆ, ಸಂದಿಗಳಿಗೆ ಬ್ರಷ್, ಅಷ್ಟೇ.

ಗ್ಯಾಸ್ ಒಲೆ, ಚಿಮಣಿ

ರೊಟ್ಟಿ ಬಡಿಯುವ ಮನೆಯ ಒಲೆಯೇ ಬೇರೆ. ಜೋಳದ ಹಿಟ್ಟು ಹಾರಿ ಬರ್ನರಿನ ಮೇಲೆ ಬಿದ್ದು ಸುಡುತ್ತದೆ, ಹಂಚಿಗೆ ಒರೆಸಿದ ನೀರು ಸುತ್ತ ಸಿಡಿಯುತ್ತದೆ, ಮೇಲೆ ಹಾಲು ಉಕ್ಕಿದ್ದು ಬೇರೆ. ಉರಿ ನೀಲಿ ಹೋಗಿ ಹಳದಿಯಾಗಿದ್ದರೆ, ಭಾಂಡೆಯ ತಳಕ್ಕೆ ಮಸಿ ಹತ್ತುತ್ತಿದ್ದರೆ, ತೂತು ಕಟ್ಟಿರುವುದನ್ನು ಮೊದಲು ಅನುಮಾನಿಸಿ.

ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಒಲೆ ಪೂರ್ತಿ ಆರಲಿ. ಗಾಜಿನ ಮೇಲ್ಮೈ ಬಿಸಿ ಇರುವಾಗ ತಣ್ಣೀರಿನ ಅರಿವೆ ಹಾಕಿದರೆ ಗಾಜು ಒಡೆಯಬಹುದು. ಬರ್ನರ್ ಹಿತ್ತಾಳೆಯದಾಗಿದ್ದರೆ ಮೊದಲು ಬಿಸಿ ಸಾಬಾಣ ನೀರಿನಲ್ಲಿ ಜಿಡ್ಡು ತೆಗೆದು, ಆಮೇಲೆ ಹುಣಸೆಹಣ್ಣಿನ ಬಿಸಿನೀರಿನಲ್ಲಿ ಅರ್ಧದಿಂದ ಒಂದು ತಾಸು ಮುಳುಗಿಸಿಡಿ. ದೇವರ ಮನೆಯ ಹಿತ್ತಾಳೆ ಸಾಮಾನಿಗೆ ಮಾಡುವ ಉಪಚಾರವೇ ಇದು. ಬ್ರಷ್‌ನಿಂದ ಉಜ್ಜಿ, ಪ್ರತಿ ತೂತನ್ನೂ ಸೂಜಿಯಿಂದ ಬಿಡಿಸಿ. ಬೆಂಕಿಕಡ್ಡಿ ಚುಚ್ಚಬೇಡಿ, ಒಳಗೇ ಮುರಿಯುತ್ತದೆ. ತೊಳೆದ ಬರ್ನರ್ ಒಳಗೂ ಹೊರಗೂ ಪೂರ್ತಿ ಒಣಗಿದ ಮೇಲೆಯೇ ಕೂಡಿಸಿ, ಹೊತ್ತಿಸಿ ಉರಿ ನೋಡಿ. ಸ್ವಚ್ಛ ಮಾಡಿದ ಮೇಲೂ ಹಳದಿಯೇ ಇದ್ದರೆ ಜೆಟ್ ಕಟ್ಟಿರಬಹುದು. ಅದಕ್ಕೆ ಒಲೆ ರಿಪೇರಿಯವರನ್ನೇ ಕರೆಯಿರಿ, ಗ್ಯಾಸ್ ಹರಿಯುವ ಭಾಗವನ್ನು ಮನೆಯಲ್ಲಿ ಬಿಚ್ಚುವುದು ಬೇಡ. ಕಪ್ಪು ಬಣ್ಣದ ಮಿಶ್ರಲೋಹದ ಬರ್ನರಿಗೆ ಹುಳಿ ಬೇಡ, ಸಾಬಾಣ ನೀರಷ್ಟೇ.

ಒಲೆಯ ಮೇಲ್ಮೈಯಲ್ಲಿ ಸುಟ್ಟು ಕರಕಲಾದ ಹಾಲಿನ ಕಲೆಯ ಮೇಲೆ ಅಡಿಗೆ ಸೋಡಾವನ್ನು ನೀರಲ್ಲಿ ಕಲಸಿ ದಪ್ಪಗೆ ಬಳಿದು, ಮೇಲೆ ಒದ್ದೆ ಅರಿವೆ ಮುಚ್ಚಿ. ಒಂದು ತಾಸಿನ ನಂತರ ಪ್ಲಾಸ್ಟಿಕ್ ಉಜ್ಜುಗೆಯಿಂದ ಎಬ್ಬಿಸಿದರೆ ಸಿಪ್ಪೆಯಾಗಿ ಬರುತ್ತದೆ. ಸ್ಟೀಲ್ ಮೇಲ್ಮೈ ಆಗಿದ್ದರೆ ಅದರಲ್ಲಿ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಇರುತ್ತವೆ. ಅದೇ ದಿಕ್ಕಿಗೆ ಒರೆಸಿ, ಗೋಲಗೋಲ ತಿರುಗಿಸಬೇಡಿ.

ಚಿಮಣಿಯ ಜಾಳಿಗೆ ಬಗ್ಗೆ ಒಂದೇ ಎಚ್ಚರ. ಸ್ಟೀಲಿನ ಪಟ್ಟಿಗಳಿರುವ ಫಿಲ್ಟರಾದರೆ ಬಕೆಟ್ ಬಿಸಿನೀರಿಗೆ ಎರಡು ಮುಷ್ಟಿ ಬಟ್ಟೆ ಸೋಡಾ ಹಾಕಿ ಮುಳುಗಿಸಬಹುದು, ಜಿಡ್ಡು ತಾನಾಗಿ ಕೆಳಗಿಳಿಯುತ್ತದೆ, ಕೈಗೆ ಗ್ಲೌಸ್ ಇರಲಿ. ಅಲ್ಯೂಮಿನಿಯಂ ಜಾಳಿಗೆಯಾದರೆ ಸೋಡಾ ಮುಟ್ಟಿಸಬೇಡಿ, ಕಪ್ಪಾಗಿ ಸವೆಯುತ್ತದೆ. ದ್ರವ ಸಾಬಾಣ, ಬಿಸಿನೀರು ಸಾಕು. ಕಪ್ಪಾದ ಅಲ್ಯೂಮಿನಿಯಂ ಕುಕ್ಕರಿಗೂ ಇದೇ ನಿಯಮ. ಅಲ್ಲಿ ಸೋಡಾ ಶತ್ರು, ಹುಳಿ ಮಿತ್ರ. ಹಿಂಡಿದ ಲಿಂಬೆಸಿಪ್ಪೆ ಎರಡು ಹಾಕಿ, ಕಪ್ಪು ಗೆರೆ ಇರುವಲ್ಲಿಯವರೆಗೆ ನೀರು ತುಂಬಿ, ಮುಚ್ಚಳ ಹಾಕದೆ ಹತ್ತು ನಿಮಿಷ ಕುದಿಸಿ.

ಸವಳು ನೀರು ಮುಟ್ಟಿದ್ದೆಲ್ಲ

ನಮ್ಮ ಭಾಗದ ನಿಜವಾದ ತಲೆನೋವು ಇದು. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಬರುತ್ತದೆ ನಿಜ. ಆದರೆ ಎಷ್ಟೋ ಬಡಾವಣೆಗಳಲ್ಲಿ ನಳಕ್ಕೆ ನೀರು ಬರುವುದು ಹಲವು ದಿನಕ್ಕೊಮ್ಮೆ. ನಡುವಿನ ದಿನಗಳಿಗೆ ಬೋರಿನ ನೀರೇ ಆಧಾರ. ಗದಗ, ರೋಣ, ಮುಂಡರಗಿ ಕಡೆಯ ಬೋರಿನ ನೀರಿನ ಗಡಸುತನ ಅಲ್ಲಿಯವರಿಗೆ ಹೇಳಬೇಕಿಲ್ಲ: ಸಾಬಾಣ ನೊರೆ ಕೊಡುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮ್ಯಾಗ್ನೀಷಿಯಂ ಉಪ್ಪುಗಳು ಬಿಸಿ ತಾಗಿದಾಗ ಗಟ್ಟಿಯಾಗಿ ಹರಳುಗಟ್ಟಿ ಕೂರುತ್ತವೆ. ಅದಕ್ಕೇ ಬಿಸಿಯಾಗುವ ಸಾಮಾನಿಗೇ ಈ ಕಾಟ ಜಾಸ್ತಿ: ಗೀಜರ್, ಕೆಟಲ್, ನೀರು ಕಾಯಿಸುವ ರಾಡು, ಸ್ಟೀಮ್ ಇಸ್ತ್ರಿ.

ಕೆಟಲ್ ಸುಲಭ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಹಾಕಿ, ಕುದಿಸಿ, ಆರಿಸಿ, ಅರ್ಧ ತಾಸು ಬಿಡಿ. ಚೆಲ್ಲಿ, ಎರಡು ಸಲ ಬರೀ ನೀರು ಕುದಿಸಿ ಚೆಲ್ಲಿ. ತಿಕ್ಕುವ ಮಾತೇ ಇಲ್ಲ.

ರಾಡಿಗೆ ಪ್ಲಾಸ್ಟಿಕ್ ಬಕೆಟಿನಲ್ಲಿ ಬೇರೆ ಕಡೆ ಕಾಯಿಸಿದ ನೀರು ಹಾಕಿ, ಲೀಟರಿಗೆ ಒಂದು ಚಮಚದಂತೆ ಸಿಟ್ರಿಕ್ ಆಸಿಡ್ ಕಲಸಿ, ಪ್ಲಗ್ ಕಿತ್ತ ರಾಡಿನ ಸುರುಳಿಯನ್ನಷ್ಟೇ ಮುಳುಗಿಸಿ. ರಾಡನ್ನೇ ಹಚ್ಚಿ ಆ ನೀರು ಕಾಯಿಸಲು ಹೋಗಬೇಡಿ. ಎರಡು ತಾಸಿನಲ್ಲಿ ಹೆಕ್ಕಳಿಕೆ ಬಿರಿಯುತ್ತದೆ. ಚಾಕುವಿನಿಂದ ಕುಟ್ಟಿ ತೆಗೆಯುವ ಪದ್ಧತಿ ಬಹಳ ಕಡೆ ಇದೆ. ಅದರಿಂದ ಸುರುಳಿಯ ಮೈ ಸೀಳಿ ನೀರಿಗೆ ಕರೆಂಟು ಇಳಿಯುವ ಅಪಾಯವಿದೆ. ಸೀಳು ಕಂಡ ರಾಡನ್ನು ಎಸೆಯಿರಿ.

ಗೀಜರಿನ ಒಳಗೆ ನಾವು ಕೈ ಹಾಕುವುದು ಬೇಡ. ಕುದಿಯುವ ಸದ್ದು ಬಂದರೆ, ನೀರು ಕಾಯಲು ಮೊದಲಿಗಿಂತ ಹೊತ್ತು ಹಿಡಿದರೆ, ಎಲಿಮೆಂಟಿಗೆ ಸುಣ್ಣ ಕಟ್ಟಿದೆ ಎಂದು ತಿಳಿದು ಮೆಕ್ಯಾನಿಕ್ಕಿಗೆ ಹೇಳಿ. ಬಂದವನಿಗೆ ಎಲಿಮೆಂಟಿನ ಜೊತೆ ಆನೋಡ್ ಸರಳನ್ನೂ ನೋಡಲು ಹೇಳಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಸರಳು ಅದು, ಗಡಸು ನೀರಿನಲ್ಲಿ ಬೇಗ ಮುಗಿಯುತ್ತದೆ. ನಮ್ಮ ಕೈಲಿರುವುದು ಉಷ್ಣತೆಯ ಗುಂಡಿ. 75 ಡಿಗ್ರಿಗೆ ಇಟ್ಟು ತಣ್ಣೀರು ಬೆರೆಸಿ ಸ್ನಾನ ಮಾಡುವ ಬದಲು 60ರ ಆಸುಪಾಸಿಗೆ ಇಟ್ಟರೆ ಸುಣ್ಣ ಕಟ್ಟುವುದು ನಿಧಾನವಾಗುತ್ತದೆ, ಬಿಲ್ಲೂ ಇಳಿಯುತ್ತದೆ.

ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಎರಡು ಬಗೆ ಕಲೆ. ಸ್ಟೀಮಿನ ತೂತಿನ ಸುತ್ತ ಬಿಳಿ ಇದ್ದರೆ ಸುಣ್ಣ: ಆರಿದ ಪೆಟ್ಟಿಗೆಯ ತೂತುಗಳಿಗೆ ವಿನೆಗರಿನಲ್ಲಿ ಅದ್ದಿದ ಕಿವಿಕಡ್ಡಿ ಆಡಿಸಿ, ಮುಂದೆ ಬೋರಿನ ನೀರು ಬಿಟ್ಟು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಹಾಕಿ. ಕಂದು ಬಣ್ಣದ್ದಾದರೆ ಸುಟ್ಟ ಗಂಜಿಯೋ ಕರಗಿದ ಪಾಲಿಸ್ಟರೋ ಇರಬೇಕು. ಪೆಟ್ಟಿಗೆಯನ್ನು ಸ್ವಲ್ಪವೇ ಬೆಚ್ಚಗೆ ಮಾಡಿ, ಪ್ಲಗ್ ಕಿತ್ತು, ಒದ್ದೆ ದಪ್ಪ ಹತ್ತಿ ಬಟ್ಟೆಯ ಮೇಲೆ ಎಳೆದಾಡಿಸಿ. ಅಂಟಿದ್ದನ್ನು ಕಟ್ಟಿಗೆಯ ಚಮಚದ ಅಂಚಿನಿಂದ ಎಬ್ಬಿಸಿ. ಬಿಸಿ ಪೆಟ್ಟಿಗೆಗೆ ಜ್ವರದ ಗುಳಿಗೆ ತಿಕ್ಕುವ ಉಪಾಯವೂ ಓಡಾಡುತ್ತಿದೆ. ಹೊಗೆ ಮೂಗಿಗೆ, ಬೆರಳು ಬಿಸಿಗೆ. ನನಗದು ಹಿಡಿಸಲಿಲ್ಲ.

ವಾಷಿಂಗ್ ಮಷೀನ್

ಬಟ್ಟೆ ತೊಳೆದ ಮೇಲೆ ಬೂದು ಕರೆ, ಕೊಳೆತ ವಾಸನೆ, ಕಪ್ಪು ಬಟ್ಟೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಕೊಳೆ ಇರುವುದು ಮಷೀನಿನ ಡ್ರಮ್ಮಿನ ಹಿಂದೆ. ಗಡಸು ನೀರೂ ಸಾಬಾಣ ಪುಡಿಯೂ ಕೂಡಿ ಮೇಣದಂಥ ಪದರ ಕಟ್ಟಿರುತ್ತದೆ.

ಮೊದಲು ಪುಡಿ ಹಾಕುವ ಟ್ರೇ ಎಳೆದು ತೆಗೆದು ಬ್ರಷ್ ಹಾಕಿ. ಮುಂದೆ ಬಾಗಿಲಿರುವ ಮಷೀನಾದರೆ ಬಾಗಿಲಿನ ರಬ್ಬರಿನ ಮಡಿಕೆ ಬಿಡಿಸಿ ನೋಡಿ. ಕಪ್ಪು ಬೂಷ್ಟು, ಕೂದಲು, ಒಂದೆರಡು ನಾಣ್ಯ ಸಿಗುವುದು ಖಾತ್ರಿ. ಸಾಬಾಣ ನೀರಿನಿಂದ ಒರೆಸಿ ಒಣಗಿಸಿ. ನಂತರ ಬಟ್ಟೆ ಹಾಕದೆ, ಖಾಲಿ ಡ್ರಮ್ಮಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, 60 ಡಿಗ್ರಿ ಬಿಸಿನೀರಿನ ಉದ್ದನೆಯ ಸುತ್ತು ಓಡಿಸಿ. ಮೇಲಿನಿಂದ ಬಟ್ಟೆ ಹಾಕುವ ಮಷೀನಿನಲ್ಲಿ ಹೀಟರ್ ಇಲ್ಲದಿದ್ದರೆ ಒಂದೆರಡು ಬಕೆಟ್ ಬಿಸಿನೀರು ನೀವೇ ಸುರಿದು, ಐದು ನಿಮಿಷ ತಿರುಗಿಸಿ, ಒಂದು ತಾಸು ನಿಲ್ಲಿಸಿ, ಆಮೇಲೆ ಪೂರ್ತಿ ಸುತ್ತು ಮುಗಿಸಿ. ಕೊನೆಗೆ ಬರೀ ನೀರಿನ ಒಂದು ಸುತ್ತು. ಮಷೀನಿನ ಕೈಪಿಡಿಯಲ್ಲಿ ಹುಳಿ ಬೇಡವೆಂದಿದ್ದರೆ ಕೈಪಿಡಿಯ ಮಾತೇ ಮೇಲು. ಬೋರಿನ ನೀರಾದರೆ ಎರಡು-ಮೂರು ತಿಂಗಳಿಗೊಮ್ಮೆ ಇದನ್ನು ಮಾಡಿ.

ಕೆಲವು ಬೋರುಗಳ ನೀರಿನಲ್ಲಿ ಕಬ್ಬಿಣದ ಅಂಶವಿದ್ದು, ಡ್ರಮ್ಮಿಗೂ ಬಕೆಟಿಗೂ ಕಿತ್ತಳೆ-ಕಂದು ಕಲೆ ಹತ್ತುತ್ತದೆ. ಇಲ್ಲಿ ಬ್ಲೀಚ್ ಹಾಕುವುದು ಉರಿಗೆ ಎಣ್ಣೆ ಸುರಿದಂತೆ, ಕಬ್ಬಿಣ ಇನ್ನೂ ತುಕ್ಕಾಗಿ ಗಟ್ಟಿ ಕಚ್ಚುತ್ತದೆ. ಸಿಟ್ರಿಕ್ ಆಸಿಡ್ಡೇ ಇದಕ್ಕೂ ಔಷಧ.

ಫ್ರಿಜ್

ಒಳಗಿನ ಗಾಜಿನ ತಟ್ಟೆಗಳನ್ನು ಹೊರತೆಗೆದು, ಕೋಣೆಯ ಬಿಸಿಗೆ ಬರುವವರೆಗೆ ಬಿಟ್ಟು, ಆಮೇಲೆ ತೊಳೆಯಿರಿ. ತಣ್ಣನೆಯ ಗಾಜಿಗೆ ಬಿಸಿನೀರು ಬಿದ್ದರೆ ಸೀಳುತ್ತದೆ. ಒಳಮೈಗೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಅಡಿಗೆ ಸೋಡಾ. ಬಾಗಿಲಿನ ರಬ್ಬರಿನ ಕಪ್ಪು ಬೂಷ್ಟಿಗೆ ಅರ್ಧ ನೀರು, ಅರ್ಧ ವಿನೆಗರ್, ಹಳೆಯ ಬ್ರಷ್. ಆಮೇಲೆ ಬರೀ ನೀರಿನ ಅರಿವೆಯಿಂದ ಒರೆಸಿ ಒಣಗಿಸಿ. ಕೆಲಸ ಮುಗಿದ ಮೇಲೆ ಹತ್ತು ರೂಪಾಯಿ ನೋಟೊಂದನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ಸರಾಗ ಬಂದರೆ ರಬ್ಬರು ಸಡಿಲವಾಗಿದೆ. ಅಲ್ಲಿಂದ ಹೊರಗಿನ ಗಾಳಿ ನುಗ್ಗಿ ತೇವ ಕಟ್ಟಿ ಬೂಷ್ಟು ಮತ್ತೆ ಬರುತ್ತದೆ, ರಬ್ಬರ್ ಬದಲಿಸುವುದೇ ಸರಿ.

ಬಿಳಿ ಫ್ರಿಜ್ಜಿನ ಹಿಡಿಕೆ, ಹಳೆಯ ಸ್ವಿಚ್‌ಬೋರ್ಡು, ಮಿಕ್ಸಿಯ ಬಿಳಿ ಮೈ ಹಳದಿಗೆ ತಿರುಗಿದ್ದರೆ ತಿಕ್ಕಿ ಕೈ ನೋಯಿಸಿಕೊಳ್ಳಬೇಡಿ. ಬೆಳಕಿಗೂ ಬಿಸಿಗೂ ಪ್ಲಾಸ್ಟಿಕ್ ತಾನೇ ಬಣ್ಣಗೆಟ್ಟಿದೆ. ಟಿವಿಯ ಪರದೆಗೂ ಏನೂ ಹಚ್ಚಬೇಡಿ: ಮೆತ್ತನೆಯ ಒಣ ಅರಿವೆ, ಹೆಚ್ಚೆಂದರೆ ಅರಿವೆಗೆ ನಾಲ್ಕು ಹನಿ ಶುದ್ಧ ನೀರು. ಗಾಜು ಒರೆಸುವ ದ್ರವ ಪರದೆಯ ಲೇಪ ತೆಗೆಯುತ್ತದೆ.

ಏರ್ ಕೂಲರ್

ಮಾರ್ಚ್ ಬಂತೆಂದರೆ ಮಾಳಿಗೆಯಿಂದ ಕೂಲರ್ ಇಳಿಯುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಮಾತ್ರ ತೊಟ್ಟಿಯಲ್ಲೇ ಉಳಿಯುತ್ತದೆ. ನೀರು ಕಡಿಮೆಯಾದಂತೆ ಮೇಲಿಂದ ಮೇಲೆ ಸುರಿಯುತ್ತ ಹೋದರೆ ಆ ತೊಟ್ಟಿಯ ನೀರು ಬೋರಿನ ನೀರಿಗಿಂತಲೂ ಗಡಸಾಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಒಣಗಿಸಿ, ಹೊಸ ನೀರು ಹಾಕಿ. ಸೊಳ್ಳೆಯ ಮರಿಗಳಿಗೂ ಅಷ್ಟರಲ್ಲಿ ರೆಕ್ಕೆ ಬರುವುದಿಲ್ಲ. ಪಂಪಿನ ಜಾಳಿಗೆ, ನೀರು ತೊಟ್ಟಿಕ್ಕುವ ಕೊಳವೆಯ ತೂತುಗಳಿಗೆ ಸಿಟ್ರಿಕ್ ಆಸಿಡ್ ನೀರು, ಒಂದು ತಾಸು. ಹುಲ್ಲಿನ ಪ್ಯಾಡ್ ಸುಣ್ಣದಿಂದ ಬಿರುಸಾಗಿದ್ದರೆ ತೊಳೆಯುವ ಬದಲು ಹೊಸದು ಹಾಕಿಸಿ, ಅದರ ಬೆಲೆ ಹೆಚ್ಚಲ್ಲ.

ಕುಡಿಯುವ ನೀರಿನ ಆರ್‌ಓ ಯಂತ್ರ ಹೊರಬಿಡುವ ನೀರನ್ನು ಬಕೆಟಿನಲ್ಲಿ ಹಿಡಿದಿಟ್ಟು ಕೂಲರಿಗೋ ಮಷೀನಿಗೋ ಹಾಕುವವರಿದ್ದಾರೆ. ನೀರು ಉಳಿಸುವ ಕಾಳಜಿ ಸರಿ, ಜಾಗ ತಪ್ಪು. ಯಂತ್ರ ಸೋಸಿ ಬಿಟ್ಟ ಉಪ್ಪೆಲ್ಲ ಆ ನೀರಿನಲ್ಲೇ ಇರುತ್ತದೆ. ಅದನ್ನು ಸಂಡಾಸಿಗೆ, ಅಂಗಳ ತೊಳೆಯಲು ಬಳಸಿ. ಕೂಲರಿಗೆ ನಳದ ನೀರು ಬಂದ ದಿನ ಎರಡು ಕೊಡ ತೆಗೆದಿಡಿ.